ಹಿಮದ ನಾಡಿಗೂ ಬರ: ಆಲ್ಪ್ಸ್ ಬೆಟ್ಟದ ಜಾರಾಟದ ಊರುಗಳು

ಕನ್ನಡ ಕಾವ್ಯಕ್ಕೆ ಹಿಮವು ಹೊಸದಲ್ಲ. ಹರಿಹರನ ‘ಗಿರಿಜಾಕಲ್ಯಾಣ’ದಲ್ಲಿ ಹಿಮವಂತನು ಪರ್ವತಗಳ ಅರಸ, ಗಿರಿಜೆಯ ತಂದೆ. ಆದರೆ ಕನ್ನಡದ ಹಳೆಯ ಕವಿಗಳ ಹಿಮವು ಬಹುಮಟ್ಟಿಗೆ ಸಂಸ್ಕೃತ ಕಾವ್ಯಪರಂಪರೆಯಿಂದ ಬಂದದ್ದು. ಕಾಲಿಗೆ ತಾಗಿದ, ಮಾಡಿನ ಮೇಲೆ ಬಿದ್ದ, ದಾರಿಯನ್ನು ಮುಚ್ಚಿದ ಹಿಮವಲ್ಲ. ಕನ್ನಡ ನಾಡಿನ ನೆಲದಲ್ಲಿ ಹುಟ್ಟಿದ ಚಳಿಯ ಮಾತುಗಳು ಬೇರೆ. ಮುಂಜಾವಿನಲ್ಲಿ ಹೊಲದ ಮೇಲೆ ಹರಡುವುದು ಮಂಜು, ಜೋಳದ ಗರಿಯ ಮೇಲೆ ನಿಲ್ಲುವುದು ಇಬ್ಬನಿ, ಬೇಸಿಗೆಯ ಸಿಡಿಲಿನೊಡನೆ ಬಿದ್ದು ದ್ರಾಕ್ಷಿಯ ತೋಟವನ್ನು ಹಾಳುಗೆಡಹುವುದು ಆಣೆಕಲ್ಲು. ಡಫಳಾಪುರದಂಥ ಗಡಿಯ ಊರಿನಲ್ಲಿ ಇವುಗಳ ಜೊತೆಗೆ ಮರಾಠಿಯ ಧುಕೆ, ದಂವ, ಗಾರ ಎಂಬ ಮಾತುಗಳೂ ಒಂದೇ ನಾಲಗೆಯ ಮೇಲೆ ಬರುತ್ತವೆ. ಆದರೆ ಆಕಾಶದಿಂದ ಸದ್ದಿಲ್ಲದೆ ಇಳಿದು, ತಿಂಗಳುಗಟ್ಟಲೆ ನೆಲದ ಮೇಲೆ ಉಳಿಯುವ ಹಿಮಕ್ಕೆ ಈ ಎರಡು ಭಾಷೆಗಳ ದಿನಬಳಕೆಯಲ್ಲಿ ಹೆಚ್ಚು ಮಾತಿಲ್ಲ. ಮಂಜುಗಡ್ಡೆಗೂ ಹಿಮಕ್ಕೂ ಮರಾಠಿಯ ಆಡುಮಾತು ‘ಬರ್ಫ’ ಎಂಬ ಒಂದೇ ಪದವನ್ನು ಬಳಸುತ್ತದೆ.

ಪ್ರವಾಸ ಸಾಹಿತ್ಯವು ಈ ಕೊರತೆಯನ್ನು ಸ್ವಲ್ಪ ತುಂಬಿತು. ಸಾಂಗಲಿಯ ವಿಲಿಂಗ್ಡನ್ ಕಾಲೇಜಿನ ಪ್ರಾಚಾರ್ಯರಾಗಿದ್ದ ವಿ. ಕೃ. ಗೋಕಾಕರ ‘ಸಮುದ್ರದಾಚೆಯಿಂದ’, ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’ ಮೊದಲಾದ ಕೃತಿಗಳು ಯುರೋಪನ್ನು ಕನ್ನಡದಲ್ಲಿ ಕಾಣಿಸಿದವು. ಪ್ರವಾಸಿಯ ಕಣ್ಣಿಗೆ ಬೆಟ್ಟದ ಚೆಲುವು ಮೊದಲು ಕಾಣುತ್ತದೆ. ಆ ಬೆಟ್ಟದ ಮೇಲೆ ಬದುಕುವ ಊರು ಹೇಗೆ ಅನ್ನ ಗಳಿಸುತ್ತದೆ ಎಂಬುದು ನಿಧಾನವಾಗಿ ತಿಳಿಯುವ ವಿಷಯ. ಆಲ್ಪ್ಸ್ ಪರ್ವತದ ಹಿಮಜಾರಾಟದ ತಾಣಗಳ ಬದುಕನ್ನು, ಅದರ ಆತಂಕವನ್ನು, ಜತ್ತ ತಾಲ್ಲೂಕಿನ ವಿದ್ಯಾರ್ಥಿಗಳು ಇತರರಿಗಿಂತ ಬೇಗ ಅರ್ಥಮಾಡಿಕೊಳ್ಳಬಲ್ಲರು. ಅದಕ್ಕೆ ಕಾರಣವು ಮುಂದಿನ ವಿವರಗಳಲ್ಲಿ ಸ್ಪಷ್ಟವಾಗುತ್ತದೆ.

ಮೇವಿನ ಬೆಟ್ಟ ಆಟದ ಬೆಟ್ಟವಾದದ್ದು

ಆಲ್ಪ್ಸ್ ಪರ್ವತಶ್ರೇಣಿ ಯುರೋಪಿನ ನಡುಭಾಗದಲ್ಲಿ ಸುಮಾರು 1,200 ಕಿಲೋಮೀಟರ್ ಉದ್ದಕ್ಕೆ ಬಿಲ್ಲಿನಂತೆ ಬಾಗಿದೆ. ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ, ಜರ್ಮನಿ, ಸ್ಲೊವೇನಿಯಾಗಳೂ ಲೀಕ್ಟೆನ್‌ಸ್ಟೈನ್, ಮೊನಾಕೊ ಎಂಬ ಎರಡು ಪುಟ್ಟ ದೇಶಗಳೂ ಅದರ ಮಡಿಲಲ್ಲಿವೆ. ಸ್ವಿಟ್ಜರ್ಲೆಂಡಿನ ಜರ್ಮನ್ ಆಡುಮಾತಿನಲ್ಲಿ ‘ಆಲ್ಪ್’ ಎಂದರೆ ಬೆಟ್ಟದ ಮೇಲಿನ ಹುಲ್ಲುಗಾವಲು. ಬೇಸಿಗೆಯಲ್ಲಿ ದನಗಳನ್ನು ಮೇಲಕ್ಕೆ ಹೊಡೆದುಕೊಂಡು ಹೋಗಿ, ಚಳಿ ಬೀಳುವ ಮುನ್ನ ಕೆಳಗಿಳಿಸುವುದು ಅಲ್ಲಿಯವರ ಹಳೆಯ ಕಸುಬು. ಮಳೆಯಿಲ್ಲದ ತಿಂಗಳುಗಳಲ್ಲಿ ಕುರಿಯ ಹಿಂಡಿನೊಡನೆ ಮೇವು ಹುಡುಕಿ ಹೊರಡುವ ಈ ಭಾಗದ ಕುರಿಗಾಹಿಗಳ ಬದುಕಿಗೆ ಅದು ತೀರ ದೂರದ್ದಲ್ಲ. ಅಲ್ಲಿ ಚಳಿಗಾಲವೆಂದರೆ ಮನೆಯೊಳಗೆ ಕುಳಿತು, ಕೂಡಿಟ್ಟ ಹುಲ್ಲಿನಲ್ಲಿ ದನಗಳನ್ನು ಉಳಿಸಿಕೊಳ್ಳುವ ಕಾಲ, ಗಳಿಕೆಯ ಕಾಲವಲ್ಲ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಲೆಕ್ಕ ಬದಲಾಯಿತು. ಬೇಸಿಗೆಯ ಪ್ರವಾಸಿಗಳಲ್ಲಿ ಕೆಲವರು ಚಳಿಗಾಲದಲ್ಲಿಯೂ ಬರತೊಡಗಿದರು. ಉತ್ತರ ಯುರೋಪಿನ ನಾರ್ವೆಯ ಕಡೆಯಿಂದ, ಕಾಲಿಗೆ ಉದ್ದನೆಯ ಪಟ್ಟಿಗಳನ್ನು ಕಟ್ಟಿಕೊಂಡು ಹಿಮದ ಮೇಲೆ ಸರಿಯುವ ವಿದ್ಯೆ ಬಂದಿತು. ‘ಸ್ಕೀ’ ಎಂಬ ಪದದ ಮೂಲಾರ್ಥ ಸೀಳಿದ ಮರದ ತುಂಡು. 1924ರಲ್ಲಿ ಫ್ರಾನ್ಸಿನ ಶಾಮೊನಿಯಲ್ಲಿ ಚಳಿಗಾಲದ ಮೊದಲ ಒಲಿಂಪಿಕ್ ಕ್ರೀಡಾಕೂಟ ನಡೆಯಿತು. ಎರಡನೆಯ ಮಹಾಯುದ್ಧದ ತರುವಾಯ ಜನರ ಕೈಯಲ್ಲಿ ಹಣವೂ ರಜೆಯೂ ಹೆಚ್ಚಿದಂತೆ ಕಣಿವೆಕಣಿವೆಗಳಲ್ಲಿ ಜಾರಾಟದ ಊರುಗಳು ಎದ್ದವು. ಇಂದು ಅಂಥ ಊರಿನ ಹೋಟೆಲು, ಅಂಗಡಿ, ಜಾರಾಟದ ಶಾಲೆ, ಬಸ್ಸು, ಪಟ್ಟಿಗಳನ್ನು ಬಾಡಿಗೆಗೆ ಕೊಡುವ ಮಳಿಗೆ ಎಲ್ಲವೂ ಡಿಸೆಂಬರಿನ ನಡುವಿನಿಂದ ಏಪ್ರಿಲಿನವರೆಗಿನ ನಾಲ್ಕು ತಿಂಗಳ ಗಳಿಕೆಯನ್ನೇ ನಂಬಿವೆ. ಜತ್ತದ ಕಡೆಯಿಂದ ಸುಗ್ಗಿಯಲ್ಲಿ ಕಬ್ಬು ಕಡಿಯಲು ಟೋಳಿಗಳು ಹೊರಡುವಂತೆ, ಅಲ್ಲಿಯೂ ಚಳಿಗಾಲ ಬಂತೆಂದರೆ ಸಾವಿರಾರು ಕೆಲಸಗಾರರು ಬೇರೆ ಊರುಗಳಿಂದ ಬೆಟ್ಟ ಹತ್ತುತ್ತಾರೆ; ಹಿಮ ಕರಗಿದಾಗ ಇಳಿಯುತ್ತಾರೆ.

ಇಂಥ ಊರು ಮೂರು ಆಧಾರಗಳ ಮೇಲೆ ನಿಂತಿದೆ: ಹಿಮ, ಜನರನ್ನು ಬೆಟ್ಟಕ್ಕೆ ಏರಿಸುವ ಯಂತ್ರ, ಊರನ್ನು ಮುಟ್ಟಿಸುವ ದಾರಿ. ಒಂದೊಂದನ್ನೂ ಬೇರೆಬೇರೆಯಾಗಿ ನೋಡಬೇಕು.

ಹಿಮದ ಬಗೆಗಳು

ಮೇಲೇರಿದಂತೆ ಗಾಳಿಯು ತಣ್ಣಗಾಗುತ್ತದೆ. ಪ್ರತಿ 1,000 ಮೀಟರಿಗೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಕೆ ಎಂಬುದು ಸಾಮಾನ್ಯ ಲೆಕ್ಕ. ಆದ್ದರಿಂದ ಒಂದೇ ಮೋಡವು ಕಣಿವೆಯಲ್ಲಿ ಮಳೆಯನ್ನೂ ಮೇಲಿನ ಇಳಿಜಾರಿನಲ್ಲಿ ಹಿಮವನ್ನೂ ಸುರಿಸಬಹುದು. ಎರಡರ ನಡುವಿನ ಗೆರೆ ದಿನದಿನಕ್ಕೂ ಏರಿಳಿಯುತ್ತದೆ. ಜಾರಾಟದ ಊರುಗಳು ತಮ್ಮ ಹೆಸರಿನೊಡನೆ ಎತ್ತರವನ್ನು ಹೇಳಿಕೊಳ್ಳುವುದು ಇದಕ್ಕಾಗಿಯೇ. ಫ್ರಾನ್ಸಿನ ವಾಲ್ ತೊರಾನ್ಸ್ ಸುಮಾರು 2,300 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ಹಿಮದ ಭರವಸೆ ಹೆಚ್ಚು. ಸಾವಿರ ಮೀಟರಿನ ಆಸುಪಾಸಿನ ಊರುಗಳಿಗೆ ಆ ಭಾಗ್ಯವಿಲ್ಲ. ಎತ್ತರದ ಜೊತೆಗೆ ದಿಕ್ಕೂ ಮುಖ್ಯ. ಉತ್ತರಕ್ಕೆ ಮುಖಮಾಡಿದ ಇಳಿಜಾರಿಗೆ ಬಿಸಿಲು ಕಡಿಮೆ ತಾಗುವುದರಿಂದ ಹಿಮವು ಹೆಚ್ಚು ದಿನ ಬಾಳುತ್ತದೆ.

ಹಿಮವೂ ಒಂದೇ ಬಗೆಯದಲ್ಲ. ಕಡುಚಳಿಯಲ್ಲಿ ಬಿದ್ದ ಹೊಸ ಹಿಮವು ಜೋಳದ ಹಿಟ್ಟಿನಂತೆ ಹಗುರ, ಒಣಕಲು. ಕೈಯಲ್ಲಿ ಹಿಡಿದರೆ ಉಂಡೆಯಾಗದು. ಜಾರುವವರು ಬಹಳ ಇಷ್ಟಪಡುವುದು ಇದನ್ನು. ಗಾಳಿ ಬೆಚ್ಚಗಿದ್ದಾಗ ಬಿದ್ದದ್ದು ನಾದಿದ ಕಣಕದಂತೆ ತೇವವಾಗಿ ಕಾಲಿಗೆ ಅಂಟುತ್ತದೆ. ವಸಂತದಲ್ಲಿ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುತ್ತ ಹೋದ ಹಿಮವು ಹರಳು ಉಪ್ಪಿನಂತೆ ಕಾಳುಕಾಳಾಗುತ್ತದೆ. ಹೊಸ ಒಣ ಹಿಮದ ಒಂದು ಘನ ಮೀಟರಿನ ತೂಕ 50ರಿಂದ 100 ಕಿಲೋಗ್ರಾಂ. ಹತ್ತು ಸೆಂಟಿಮೀಟರ್ ಹಿಮ ಕರಗಿದರೆ ಸುಮಾರು ಒಂದು ಸೆಂಟಿಮೀಟರಿನಷ್ಟೇ ನೀರು. ಬಿದ್ದ ಹಿಮವನ್ನು ಹಾಗೆಯೇ ಬಿಡುವುದಿಲ್ಲ. ಸಂಜೆ ಜನ ಇಳಿದ ಮೇಲೆ ಅಗಲವಾದ ಪಟ್ಟಿಗಾಲಿಯ ಯಂತ್ರಗಳು ಇಳಿಜಾರಿನ ಮೇಲೆಲ್ಲ ಓಡಾಡಿ ಗಡ್ಡೆಗಳನ್ನು ಒಡೆದು, ಒತ್ತಿ, ಸಮಮಾಡುತ್ತವೆ. ರೈತನು ಹೊಲಕ್ಕೆ ಕುಂಟೆ ಹೊಡೆದು ಬಿತ್ತನೆಗೆ ಹದಮಾಡುವ ಕೆಲಸವೇ ಅದು. ಅಲ್ಲಿ ಮಾತ್ರ ಬಿತ್ತನೆಯಿಲ್ಲ, ಪ್ರತಿ ರಾತ್ರಿಯೂ ಕುಂಟೆ ಹೊಡೆಯಬೇಕು.

ಪ್ರತಿ ಬೆಳಿಗ್ಗೆ ಊರು ತನ್ನ ಹಿಮದ ವರದಿಯನ್ನು ಪ್ರಕಟಿಸುತ್ತದೆ: ಕೆಳಗೆ ಎಷ್ಟು ಸೆಂಟಿಮೀಟರ್, ಮೇಲೆ ಎಷ್ಟು, ಹೊಸದಾಗಿ ಎಷ್ಟು ಬಿದ್ದಿದೆ, ಎಷ್ಟು ದಾರಿಗಳು ತೆರೆದಿವೆ. ಜಾರುದಾರಿಗಳಿಗೆ ಕಷ್ಟವನ್ನು ಅನುಸರಿಸಿ ನೀಲಿ, ಕೆಂಪು, ಕಪ್ಪು ಗುರುತುಗಳಿವೆ. ಫ್ರಾನ್ಸಿನಲ್ಲಿ ಎಲ್ಲಕ್ಕಿಂತ ಸುಲಭವಾದುದಕ್ಕೆ ಹಸಿರು ಬಣ್ಣ. ವರದಿಯ ಮತ್ತೊಂದು ಸಾಲು ಅಪಾಯದ್ದು. ಹಿಮವು ಪದರಪದರವಾಗಿ ಕೂಡುತ್ತದೆ. ಒಳಗಿನ ಒಂದು ಪದರ ಸಡಿಲವಾಗಿದ್ದರೆ ಅದರ ಮೇಲಿನ ಭಾರವೆಲ್ಲ ಒಮ್ಮೆಗೇ ಜಾರಿ ಬೀಳಬಹುದು. ಇದನ್ನು ಅಳೆಯಲು ಯುರೋಪಿನಲ್ಲಿ 1993ರಿಂದ ಐದು ಹಂತಗಳ ಒಂದೇ ಮಾಪಕವು ಬಳಕೆಯಲ್ಲಿದೆ. 1999ರ ಫೆಬ್ರವರಿ 23ರಂದು ಆಸ್ಟ್ರಿಯಾದ ಗಾಲ್ಟೂರ್ ಎಂಬ ಊರಿನ ಮೇಲೆ ಇಂಥ ರಾಶಿ ಕುಸಿದು 31 ಜನ ಸತ್ತರು. ಅದಕ್ಕೆ ಮೊದಲೇ ದಟ್ಟ ಹಿಮವು ರಸ್ತೆಯನ್ನು ಮುಚ್ಚಿದ್ದರಿಂದ ಊರವರೂ ಪ್ರವಾಸಿಗಳೂ ಅಲ್ಲಿಯೇ ಸಿಕ್ಕಿಬಿದ್ದಿದ್ದರು.

ಕನ್ನಡಿಗರಿಗೆ ಈ ಅಪಾಯವು ಬರಿಯ ದೂರದ ಸುದ್ದಿಯಲ್ಲ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮನದಿಯ ಕಾವಲುಠಾಣೆಯ ಮೇಲೆ ಹಿಮದ ಗೋಡೆ ಕುಸಿದಾಗ, ಕುಂದಗೋಳ ತಾಲ್ಲೂಕಿನ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರು ಆರು ದಿನ ಅದರಡಿಯಲ್ಲಿ ಹುದುಗಿದ್ದು ಜೀವಂತವಾಗಿ ಸಿಕ್ಕರು. ಫೆಬ್ರವರಿ 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಗಿನ ಕನ್ನಡ ಬರಹಗಳಲ್ಲಿ ‘ಹಿಮಪಾತ’ ಎಂಬ ಪದವು ಎರಡು ಅರ್ಥಗಳಲ್ಲಿ ಬಂದಿತು. ಆಕಾಶದಿಂದ ಬೀಳುವುದೂ ಹಿಮಪಾತ, ಬೆಟ್ಟದಿಂದ ಕುಸಿಯುವುದೂ ಹಿಮಪಾತ. ಮೊದಲನೆಯದು ಅಲ್ಲಿಯ ಊರಿಗೆ ಬದುಕು, ಎರಡನೆಯದು ಸಾವು. ಎರಡನೆಯದಕ್ಕೆ ‘ಹಿಮಕುಸಿತ’ ಎಂಬ ಪದವನ್ನೇ ನಿಲ್ಲಿಸಿಕೊಳ್ಳುವುದು ಒಳ್ಳೆಯದು. ಭೂಕುಸಿತ ಎಂಬ ಪದವು ಬಳಕೆಯಲ್ಲಿರುವುದರಿಂದ ಅದು ಯಾರಿಗೂ ತೊಡಕಾಗದು.

ಏರಿಸುವ ಯಂತ್ರಗಳು

ಇಳಿಯುವುದು ಆಟ, ಏರುವುದು ಶ್ರಮ. ಮೊದಲಿನವರು ಪಟ್ಟಿಗಳನ್ನು ಹೆಗಲ ಮೇಲಿಟ್ಟುಕೊಂಡು ಅರ್ಧ ದಿನ ಹತ್ತಿ ಕೆಲವು ನಿಮಿಷ ಜಾರುತ್ತಿದ್ದರು. ಯಂತ್ರವು ಈ ಶ್ರಮವನ್ನು ತೆಗೆದುಕೊಂಡ ಮೇಲೆಯೇ ಜಾರಾಟವು ಉದ್ಯಮವಾಯಿತು.

ಇಂಥ ಯಂತ್ರಗಳಿಗೆ ಇಂಗ್ಲಿಷಿನಲ್ಲಿ ‘ಲಿಫ್ಟ್’ ಎಂದೇ ಹೆಸರು. ಕನ್ನಡದಲ್ಲಿ ಇದಕ್ಕೆ ಹತ್ತಿರದ ಪದವನ್ನು ಹುಡುಕುವವರು ಬಾವಿಯ ಕಟ್ಟೆಯವರೆಗೆ ಹೋದರೆ ಸಾಕು. ಬಾವಿಯಿಂದ ನೀರನ್ನು ಮೇಲೆತ್ತುವ ಸಾಧನಕ್ಕೆ ‘ಏತ’ ಎಂದು ಹೆಸರು. ಅದು ‘ಏರು’ ಧಾತುವಿನ ಬಳಗದ್ದು. ತಮಿಳಿನಲ್ಲಿ ಇದೇ ಬಳಗದ ‘ಏಱ್ಱಂ’ ಎಂಬ ಪದಕ್ಕೆ ಏರಿಕೆ ಎಂಬ ಅರ್ಥವೂ ನೀರೆತ್ತುವ ಏತ ಎಂಬ ಅರ್ಥವೂ ಇವೆ. ಹೊಲಕ್ಕೆ ನೀರು ಏರಿಸುವುದು ಏತ ನೀರಾವರಿ. ಮರಾಠಿಯಲ್ಲಿ ಉಪಸಾ ಸಿಂಚನ. ಆಲ್ಪ್ಸ್ ಬೆಟ್ಟದ್ದು ಮನುಷ್ಯರನ್ನು ಏರಿಸುವ ಏತ.

1934ರ ಡಿಸೆಂಬರ್ 24ರಂದು ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಎರ್ನ್‌ಸ್ಟ್ ಕಾನ್ಸ್ಟಾಮ್ ಎಂಬ ಇಂಜಿನಿಯರನು ರೂಪಿಸಿದ ಎಳೆಯುವ ಯಂತ್ರವು ಚಾಲನೆಗೆ ಬಂದಿತು. ತಲೆಯ ಮೇಲೆ ಸುತ್ತುವ ಉಕ್ಕಿನ ಹಗ್ಗದಿಂದ ಕೋಲುಗಳು ಇಳಿಬಿದ್ದಿರುತ್ತವೆ. ಜಾರುವವನು ಹಿಮದ ಮೇಲೆ ನಿಂತಂತೆಯೇ ಕೋಲನ್ನು ಬೆನ್ನಿನ ಕೆಳಗೆ ಆನಿಸಿಕೊಂಡರೆ ಅದು ಮೇಲಕ್ಕೆ ಎಳೆದೊಯ್ಯುತ್ತದೆ. ಎರಡು ವರ್ಷಗಳ ಬಳಿಕ, 1936ರಲ್ಲಿ, ಅಮೆರಿಕದ ಸನ್ ವ್ಯಾಲಿಯಲ್ಲಿ ಕುರ್ಚಿಗಳನ್ನು ತೂಗುಬಿಟ್ಟ ಮೊದಲ ಯಂತ್ರ ಬಂದಿತು. ಅದನ್ನು ಕಲ್ಪಿಸಿದ ಜೇಮ್ಸ್ ಕರನ್ ರೈಲ್ವೆ ಕಂಪನಿಯ ಇಂಜಿನಿಯರ್. ಹಡಗಿಗೆ ಬಾಳೆಗೊನೆಗಳನ್ನು ಕೊಕ್ಕೆಗೆ ಸಿಕ್ಕಿಸಿ ಸಾಗಿಸುವ ಸಾಧನವನ್ನು ಬಲ್ಲವನಾಗಿದ್ದ ಆತ ಕೊಕ್ಕೆಯ ಜಾಗದಲ್ಲಿ ಕುರ್ಚಿಯನ್ನಿಟ್ಟನು.

ಇಂದಿನ ಯಂತ್ರಗಳಲ್ಲಿ ಎರಡು ಮುಖ್ಯ ತತ್ತ್ವಗಳಿವೆ. ಮೊದಲನೆಯದು ಜೋಡಿ ತೂಕದ್ದು. ದೊಡ್ಡ ತೊಟ್ಟಿಲಿನ ರೋಪ್‌ವೇಯಲ್ಲಿ ಎರಡು ತೊಟ್ಟಿಲುಗಳು ಒಂದೇ ಎಳೆಹಗ್ಗಕ್ಕೆ ಕಟ್ಟಿಕೊಂಡಿರುತ್ತವೆ; ಒಂದು ಏರುವಾಗ ಇನ್ನೊಂದು ಇಳಿಯುತ್ತದೆ. ಒಂದೇ ರಾಟೆಗೆ ಎರಡು ಕೊಡ ಕಟ್ಟಿ ಸೇದಿದಂತೆ, ಇಳಿಯುವುದರ ಭಾರವು ಏರುವುದಕ್ಕೆ ನೆರವಾಗುತ್ತದೆ. 1955ರಲ್ಲಿ ತೆರೆದ ಶಾಮೊನಿಯ ಎಗ್ವೀ ದ್ಯು ಮಿದಿ ರೋಪ್‌ವೇಯು ಸುಮಾರು 1,035 ಮೀಟರ್ ಎತ್ತರದ ಊರಿನಿಂದ 3,777 ಮೀಟರ್ ಎತ್ತರದ ನಿಲ್ದಾಣಕ್ಕೆ ಎರಡು ಹಂತಗಳಲ್ಲಿ ಏರಿಸುತ್ತದೆ. ಎರಡನೆಯದು ನಿಲ್ಲದೆ ಸುತ್ತುವ ಹಗ್ಗದ್ದು. ಸಣ್ಣ ತೊಟ್ಟಿಲುಗಳ ಗೊಂಡೊಲಾದಲ್ಲಿ ಹಗ್ಗವು ಸೆಕೆಂಡಿಗೆ ಐದು ಮೀಟರಿನಷ್ಟು ವೇಗದಲ್ಲಿ ಓಡುತ್ತಲೇ ಇರುತ್ತದೆ. ನಿಲ್ದಾಣಕ್ಕೆ ಬಂದ ತೊಟ್ಟಿಲು ತನ್ನ ಹಿಡಿತವನ್ನು ಬಿಟ್ಟು, ನಿಧಾನವಾಗಿ ಸರಿದು, ಜನರನ್ನು ಇಳಿಸಿ ಹತ್ತಿಸಿಕೊಂಡು ಮತ್ತೆ ಹಗ್ಗವನ್ನು ಕಚ್ಚುತ್ತದೆ. ಹಗ್ಗ ನಿಲ್ಲುವುದಿಲ್ಲ, ಜನ ಓಡಬೇಕಾಗಿಲ್ಲ. ಹೀಗಾಗಿ ಒಂದು ಯಂತ್ರವು ಗಂಟೆಗೆ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಏರಿಸಬಲ್ಲದು.

ಈ ಯಂತ್ರಗಳ ಶತ್ರು ಗಾಳಿ. ಗಾಳಿ ಬಲವಾದರೆ ತೂಗಾಡುವ ತೊಟ್ಟಿಲು ಕಂಬಕ್ಕೆ ಬಡಿಯುವ ಭಯವಿರುವುದರಿಂದ ಯಂತ್ರವನ್ನು ನಿಲ್ಲಿಸುತ್ತಾರೆ. ಬೇಕಾದಷ್ಟು ಹಿಮ ಬಿದ್ದ ದಿನವೇ ಗಾಳಿಯ ಕಾಟದಿಂದ ಬೆಟ್ಟವು ಮುಚ್ಚಿರುವುದುಂಟು. ವಿದ್ಯುತ್ತು ಕೈಕೊಟ್ಟಾಗ ನಡುದಾರಿಯಲ್ಲಿರುವವರನ್ನು ನಿಲ್ದಾಣಕ್ಕೆ ತರಲು ಡೀಸೆಲ್ ಎಂಜಿನು ಕಾದಿರುತ್ತದೆ. ಅದೂ ನಡೆಯದಿದ್ದರೆ ರಕ್ಷಣಾ ತಂಡದವರು ಒಬ್ಬೊಬ್ಬರನ್ನೇ ಹಗ್ಗದಲ್ಲಿ ಇಳಿಸಬೇಕು.

ಶನಿವಾರದ ಜಾತ್ರೆ

ಮೂರನೆಯ ಆಧಾರ ದಾರಿ. ಆಷಾಢಿ ಏಕಾದಶಿಗೆ ಪಂಢರಪುರದ ಕಡೆಗೆ ಎಸ್.ಟಿ. ಬಸ್ಸುಗಳು ಹೇಗೆ ತುಂಬಿ ಹೊರಡುತ್ತವೆ ಎಂಬುದನ್ನು ಈ ಭಾಗದ ಜನ ಬಲ್ಲರು. ಆಲ್ಪ್ಸ್ ಕಣಿವೆಗಳಲ್ಲಿ ಅಂಥ ಜಾತ್ರೆ ಚಳಿಗಾಲದ ಪ್ರತಿ ಶನಿವಾರವೂ ನಡೆಯುತ್ತದೆ. ಫ್ರಾನ್ಸಿನ ಹಲವು ಊರುಗಳಲ್ಲಿ ಮನೆಗಳನ್ನು ಶನಿವಾರದಿಂದ ಶನಿವಾರಕ್ಕೆ ಬಾಡಿಗೆ ಕೊಡುವ ರೂಢಿ ಇರುವುದರಿಂದ, ಒಂದೇ ದಿನ ಊರಿನಲ್ಲಿದ್ದವರೆಲ್ಲ ಇಳಿಯಬೇಕು, ಹೊಸಬರೆಲ್ಲ ಏರಬೇಕು. ಕಣಿವೆಗೆ ಇರುವುದು ಸಾಮಾನ್ಯವಾಗಿ ಒಂದೇ ರಸ್ತೆ. ಹಿಮ ಬೀಳುತ್ತಿದ್ದರೆ ಗಾಲಿಗಳಿಗೆ ಸರಪಳಿ ಕಟ್ಟಬೇಕು. ಕಟ್ಟಲು ಬಾರದವನೊಬ್ಬನು ತಿರುವಿನಲ್ಲಿ ನಿಂತರೆ ಅವನ ಹಿಂದೆ ಮೈಲುಗಟ್ಟಲೆ ವಾಹನಗಳ ಸಾಲು. ಈ ನೂಕುನುಗ್ಗಲನ್ನು ತಗ್ಗಿಸಲು ಫ್ರಾನ್ಸ್ ಸರಕಾರವು ದೇಶವನ್ನು ಮೂರು ವಲಯಗಳಾಗಿ ವಿಂಗಡಿಸಿ, ಚಳಿಗಾಲದ ಶಾಲಾ ರಜೆಯನ್ನು ಬೇರೆಬೇರೆ ವಾರಗಳಲ್ಲಿ ಕೊಡುತ್ತದೆ. ಇಡೀ ದೇಶದ ಶಾಲೆಗಳ ಪಂಚಾಂಗದ ಮೇಲೆ ಜಾರಾಟದ ಊರುಗಳ ನೆರಳು ಬಿದ್ದಿದೆ ಎಂದಾಯಿತು.

ರೈಲುಮಾರ್ಗವಿರುವ ಕಣಿವೆಗಳಲ್ಲಿ ತೊಂದರೆ ಕಡಿಮೆ. ಬೂರ್ ಸೇಂ ಮೊರೀಸ್ ನಿಲ್ದಾಣದಲ್ಲಿ ವೇಗದ ರೈಲಿನಿಂದ ಇಳಿದವರನ್ನು, 1989ರಿಂದ ನಡೆಯುತ್ತಿರುವ ಹಗ್ಗದ ರೈಲು ಏಳು ನಿಮಿಷಗಳಲ್ಲಿ ಮೇಲಿನ ಲೆಜ್ ಆರ್ಕ್ ಊರಿಗೆ ತಲುಪಿಸುತ್ತದೆ. ಸ್ವಿಟ್ಜರ್ಲೆಂಡಿನ ಝರ್ಮಾಟ್ ಇನ್ನೂ ಮುಂದೆ ಹೋಗಿದೆ. ಪೆಟ್ರೋಲು, ಡೀಸೆಲುಗಳಿಂದ ಓಡುವ ಖಾಸಗಿ ಕಾರುಗಳಿಗೆ ಅಲ್ಲಿ ಪ್ರವೇಶವಿಲ್ಲ. ಕಾರಿನಲ್ಲಿ ಬಂದವರು ಕೆಳಗಿನ ಟೆಶ್ ಎಂಬ ಊರಿನಲ್ಲಿ ಅದನ್ನು ನಿಲ್ಲಿಸಿ ಹನ್ನೆರಡು ನಿಮಿಷಗಳ ರೈಲಿನಲ್ಲಿ ಹೋಗಬೇಕು. ಅಲ್ಲಿಂದ ಗೋರ್ನರ್‌ಗ್ರಾಟ್ ಶಿಖರಕ್ಕೆ ಏರುವ ಹಲ್ಲುಹಳಿಯ ವಿದ್ಯುತ್ ರೈಲು 1898ರಷ್ಟು ಹಳೆಯದು. ಅದರ ತುದಿಯ ನಿಲ್ದಾಣ 3,089 ಮೀಟರ್ ಎತ್ತರದಲ್ಲಿದೆ. ಬೇಸಿಗೆಯ ಪ್ರವಾಸಿಗಳಿಗಾಗಿ ಹಾಕಿದ ಹಳಿಗಳು ಮುಂದೆ ಚಳಿಗಾಲದ ಆಟಕ್ಕೂ ಒದಗಿದವು.

ಹಿಮದ ಬರ

ಯಂತ್ರವನ್ನು ಕಟ್ಟಬಹುದು, ದಾರಿಯನ್ನು ಕಡಿಯಬಹುದು. ಹಿಮವು ಮಾತ್ರ ಆಕಾಶದ ಕೊಡುಗೆ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಈಚೆಗೆ ಆಲ್ಪ್ಸ್ ಪ್ರದೇಶದ ತಾಪಮಾನ ಸುಮಾರು 2 ಡಿಗ್ರಿ ಏರಿದೆ. ಇದು ಜಗತ್ತಿನ ಸರಾಸರಿಯ ಎರಡು ಪಟ್ಟಿನಷ್ಟು. ಮೇಲೆ ಹೇಳಿದ ಲೆಕ್ಕವನ್ನು ಇಲ್ಲಿ ತಿರುಗಿಸಿ ನೋಡಿದರೆ, 2 ಡಿಗ್ರಿ ಬಿಸಿಯೇರಿದಾಗ ಮಳೆ-ಹಿಮಗಳ ನಡುವಿನ ಗೆರೆಯು ಸುಮಾರು 300 ಮೀಟರ್ ಮೇಲಕ್ಕೆ ಸರಿಯುತ್ತದೆ. ಸಾವಿರ ಮೀಟರ್ ಎತ್ತರದ ಊರಿಗೆ ಆ ಮುನ್ನೂರು ಮೀಟರ್ ಎಂದರೆ ಬದುಕಿನ ಪ್ರಶ್ನೆ. 2023ರ ಹೊಸವರ್ಷದ ಹೊತ್ತಿಗೆ ಯುರೋಪು ಅಸಾಮಾನ್ಯವಾಗಿ ಬೆಚ್ಚಗಾದಾಗ ಕೆಳಮಟ್ಟದ ಅನೇಕ ತಾಣಗಳು ಮುಚ್ಚಿದವು. ಸ್ವಿಟ್ಜರ್ಲೆಂಡಿನ ಆಡೆಲ್ಬೋಡೆನ್‌ನಲ್ಲಿ ಜಾಗತಿಕ ಸ್ಪರ್ಧೆಯು ಕಂದು ಹುಲ್ಲಿನ ನಡುವೆ ಹಾಸಿದ ಬಿಳಿಯ ಪಟ್ಟಿಯೊಂದರ ಮೇಲೆ ನಡೆಯಿತು. ಅದೇ ವರ್ಷ ಪ್ರಕಟವಾದ ಅಧ್ಯಯನವೊಂದು ಯುರೋಪಿನ 2,234 ತಾಣಗಳನ್ನು ಪರಿಶೀಲಿಸಿ, ಜಗತ್ತು 2 ಡಿಗ್ರಿ ಬಿಸಿಯಾದರೆ ಅವುಗಳಲ್ಲಿ ಶೇಕಡಾ 53ರಷ್ಟಕ್ಕೆ ಹಿಮದ ತೀವ್ರ ಅಭಾವ ಒದಗುತ್ತದೆಂದು ಕಂಡುಕೊಂಡಿತು. ಕೃತಕ ಹಿಮವನ್ನು ಬಳಸಿದರೆ ಆ ಪ್ರಮಾಣ ಶೇಕಡಾ 27ಕ್ಕೆ ಇಳಿಯುತ್ತದೆ, ಇಲ್ಲವಾಗುವುದಿಲ್ಲ.

ಕೃತಕ ಹಿಮವನ್ನು ಮಾಡುವ ಯಂತ್ರ 1950ರ ಸುಮಾರಿಗೆ ಅಮೆರಿಕದಲ್ಲಿ ಹುಟ್ಟಿತು. ನೀರನ್ನೂ ಒತ್ತಡದ ಗಾಳಿಯನ್ನೂ ಕೂಡಿಸಿ ತುಂತುರಾಗಿ ಎರಚಿದರೆ, ಚಳಿ ಸಾಕಷ್ಟಿದ್ದಾಗ ಹನಿಗಳು ನೆಲಕ್ಕೆ ಬೀಳುವ ಮುನ್ನವೇ ಹೆಪ್ಪುಗಟ್ಟುತ್ತವೆ. ಗಾಳಿ ಒಣಗಿದ್ದಷ್ಟೂ ಕೆಲಸ ಸುಲಭ. ಮಣ್ಣಿನ ಮಡಕೆಯ ಮೈಯಿಂದ ತೇವ ಆರುವಾಗ ಒಳಗಿನ ನೀರು ತಣ್ಣಗಾಗುವಂತೆ, ಹನಿಯ ಮೈಯಿಂದ ತೇವ ಆರುವಾಗ ಹನಿ ತಣಿಯುತ್ತದೆ. ಹೀಗೆ ಹುಟ್ಟಿದ ಹಿಮವು ಬಹಳ ಗಟ್ಟಿ. ಒಂದು ಘನ ಮೀಟರ್ 400ರಿಂದ 500 ಕಿಲೋಗ್ರಾಂ ತೂಗುತ್ತದೆ. ಆದ್ದರಿಂದ ಒಂದು ಹೆಕ್ಟೇರ್, ಎಂದರೆ ಸುಮಾರು ಎರಡೂವರೆ ಎಕರೆ ಇಳಿಜಾರಿಗೆ 30 ಸೆಂಟಿಮೀಟರ್ ದಪ್ಪದ ಹಿಮ ಹಾಸಲು ಕಡಿಮೆಯೆಂದರೂ 10 ಲಕ್ಷ ಲೀಟರ್ ನೀರು ಬೇಕು. 10,000 ಲೀಟರಿನ ಟ್ಯಾಂಕರು ನೂರು ಸಲ ಬಂದು ಸುರಿದರೆ ಅಷ್ಟಾಗುತ್ತದೆ. ಬೇಸಿಗೆಯಲ್ಲಿ ಟ್ಯಾಂಕರಿನ ಹಾದಿ ಕಾಯುವ ಊರಿನ ವಿದ್ಯಾರ್ಥಿಗೆ ಈ ಅಂಕಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ನೀರಿನ ಹೆಚ್ಚಿನ ಪಾಲು ವಸಂತದಲ್ಲಿ ಕರಗಿ ಹಳ್ಳ ಸೇರುತ್ತದೆ ಎಂಬುದು ನಿಜ. ಆದರೆ ಚಳಿಗಾಲದಲ್ಲಿ ಹಳ್ಳಗಳಲ್ಲಿ ನೀರು ತೀರ ಕಡಿಮೆ ಇರುವಾಗಲೇ ಅದನ್ನು ಎತ್ತಬೇಕಾಗುತ್ತದೆ; ಅದಕ್ಕಾಗಿ ಬೆಟ್ಟದ ಮೇಲೆ ಹೊಂಡಗಳನ್ನು ತೋಡಿ ಮೊದಲೇ ತುಂಬಿಡುತ್ತಾರೆ. ಫ್ರಾನ್ಸಿನ ಲಾ ಕ್ಲ್ಯೂಸಾದಲ್ಲಿ ಕೃತಕ ಹಿಮಕ್ಕೂ ಕುಡಿಯುವ ನೀರಿಗೂ ಎಂದು ಯೋಜಿಸಿದ ಹೊಂಡದ ವಿರುದ್ಧ ಚಳವಳಿ ಎದ್ದಿತು. 2022ರ ಅಕ್ಟೋಬರಿನಲ್ಲಿ ನ್ಯಾಯಾಲಯವು ಕೆಲಸಕ್ಕೆ ತಡೆಯೊಡ್ಡಿತು.

ಬೇರೆ ದಾರಿಗಳನ್ನೂ ಊರುಗಳು ಹುಡುಕುತ್ತಿವೆ. ದಾವೋಸ್‌ನಲ್ಲಿ ಚಳಿಗಾಲದ ಹಿಮವನ್ನು ರಾಶಿ ಹಾಕಿ, ಮರದ ಹೊಟ್ಟು ಮುಚ್ಚಿ, ಬೇಸಿಗೆಯುದ್ದಕ್ಕೂ ಕಾಪಾಡಿ ಮುಂದಿನ ಋತುವಿನ ಆರಂಭಕ್ಕೆ ಬಳಸುತ್ತಾರೆ. ಹಗೇವಿನಲ್ಲಿ ಜೋಳವನ್ನು ಕೂಡಿಟ್ಟ ಜನಕ್ಕೆ ಈ ಜಾಣ್ಮೆ ಪರಿಚಿತವೇ. ಇನ್ನು ಕೆಲವು ಊರುಗಳು ಕಹಿ ನಿರ್ಧಾರವನ್ನೇ ತೆಗೆದುಕೊಂಡಿವೆ. 2024ರ ಅಕ್ಟೋಬರಿನಲ್ಲಿ ಫ್ರಾನ್ಸಿನ ಸೇನ್ ಎಂಬ ಊರಿನ ಜನ ತಮ್ಮ ಲ ಗ್ರಾಂ ಪ್ಯುಯಿ ತಾಣದ ಯಂತ್ರಗಳನ್ನು ನಿಲ್ಲಿಸಬೇಕೆಂದು ಮತದಾನದ ಮೂಲಕ ತೀರ್ಮಾನಿಸಿದರು. ಹಿಮವೂ ಕಡಿಮೆ, ಜನರೂ ಕಡಿಮೆ. ಯಂತ್ರಗಳ ಖರ್ಚು ಮಾತ್ರ ಪಂಚಾಯತಿಯ ತಲೆಯ ಮೇಲೆ ಹಾಗೆಯೇ ಉಳಿದಿತ್ತು.

ಭಾರತದಲ್ಲಿಯೂ ಇದೇ ಆತಂಕವಿದೆ. ಕಾಶ್ಮೀರದ ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದ್ದು, ಅಲ್ಲಿಯ ಗೊಂಡೊಲಾ ಎರಡು ಹಂತಗಳಲ್ಲಿ ಅಫರ್ವತ್ ಬೆಟ್ಟದ ಸುಮಾರು 3,980 ಮೀಟರಿನವರೆಗೆ ಏರಿಸುತ್ತದೆ. ಅಷ್ಟು ಎತ್ತರದ ಗುಲ್ಮಾರ್ಗವೇ 2024ರ ಜನವರಿಯಲ್ಲಿ ಹಿಮವಿಲ್ಲದೆ ಬರಿದಾಗಿತ್ತು. 2025ರ ಫೆಬ್ರವರಿಯಲ್ಲಿ ಅಲ್ಲಿ ನಡೆಯಬೇಕಾಗಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳನ್ನು ಹಿಮದ ಅಭಾವದಿಂದ ಮಾರ್ಚಿಗೆ ಮುಂದೂಡಲಾಯಿತು. ಮುಂಗಾರು ತಡವಾದಾಗ ಬಿತ್ತನೆಯನ್ನು ಮುಂದೂಡುವ ರೈತನಿಗೂ ಆ ಸಂಘಟಕರಿಗೂ ಆಗ ಹೆಚ್ಚಿನ ಅಂತರವಿರಲಿಲ್ಲ.

ಎರಡು ಏತಗಳು

ಜತ್ತ ತಾಲ್ಲೂಕಿನ ಕಥೆ ಈ ಹಿನ್ನೆಲೆಯಲ್ಲಿ ಹೊಸ ಬೆಳಕಿನಲ್ಲಿ ಕಾಣುತ್ತದೆ. ಆಲ್ಪ್ಸ್ ನದಿಗಳಾದ ರೈನ್, ರೋನ್‌ಗಳಿಗೆ ಹಿಮವೇ ಅಣೆಕಟ್ಟು. ಚಳಿಗಾಲದಲ್ಲಿ ಕೂಡಿಟ್ಟ ನೀರನ್ನು ಅದು ವಸಂತ-ಬೇಸಿಗೆಗಳಲ್ಲಿ ನಿಧಾನವಾಗಿ ಬಿಟ್ಟುಕೊಡುತ್ತದೆ. ಮಹಾಬಳೇಶ್ವರದಲ್ಲಿ ಹುಟ್ಟುವ ಕೃಷ್ಣೆಗೆ ಆ ಸೌಕರ್ಯವಿಲ್ಲ. ಮಳೆಗಾಲದ ನಾಲ್ಕು ತಿಂಗಳ ನೀರನ್ನು ಕೊಯ್ನಾದಂಥ ಅಣೆಕಟ್ಟುಗಳಲ್ಲಿ ಹಿಡಿದಿಟ್ಟರೆ ಮಾತ್ರ ಉಳಿಯುತ್ತದೆ. ಆ ನೀರೂ ತಾನಾಗಿ ಜತ್ತದ ಎತ್ತರದ ನೆಲಕ್ಕೆ ಹರಿದು ಬರುವುದಿಲ್ಲ. ಮಿರಜ ತಾಲ್ಲೂಕಿನ ಮ್ಹೈಸಾಳದ ಬಳಿ ಕೃಷ್ಣೆಯಿಂದ ಎತ್ತಿ, ಪಂಪುಗಳಿಂದ ಹಂತಹಂತವಾಗಿ ಏರಿಸಿ, ಕವಠೆ ಮಹಾಂಕಾಳವನ್ನು ದಾಟಿಸಿ ಜತ್ತದ ಕಡೆಗೆ ಕಾಲುವೆಗಳಲ್ಲಿ ತರಬೇಕು. ತಾಕಾರಿ-ಮ್ಹೈಸಾಳಗಳನ್ನೊಳಗೊಂಡ ಕೃಷ್ಣಾ-ಕೊಯ್ನಾ ಉಪಸಾ ಸಿಂಚನ ಯೋಜನೆಗೆ ಮಂಜೂರಾತಿ ದೊರೆತದ್ದು 1984ರಲ್ಲಿ. ತಾಲ್ಲೂಕಿನ ಪೂರ್ವಭಾಗದ ಹಳ್ಳಿಗಳು ಅದರಾಚೆಗೂ ದಶಕಗಟ್ಟಲೆ ಕಾದವು. ನೀರು ಸಿಗದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆ ಎಂದು ಸುಮಾರು ನಲವತ್ತು ಗ್ರಾಮಗಳು 2012ರಲ್ಲಿ ಠರಾವು ಮಾಡಿದ್ದವು. 2022ರ ಕೊನೆಯಲ್ಲಿ ಆ ಮಾತು ಎರಡೂ ರಾಜ್ಯಗಳಲ್ಲಿ ಮತ್ತೆ ಎದ್ದಿತು. ಭಾಷೆಯ ಗಡಿಯ ಪ್ರಶ್ನೆಯೆಂದು ಹೊರಗಿನವರಿಗೆ ಕಂಡದ್ದು ಊರೊಳಗಿನವರಿಗೆ ಮುಖ್ಯವಾಗಿ ನೀರಿನ ಪ್ರಶ್ನೆಯಾಗಿತ್ತು.

ಎರಡೂ ಕಡೆ ಏತವಿದೆ, ಎರಡೂ ಕಡೆ ವಿದ್ಯುತ್ತಿನ ಬಿಲ್ಲಿನ ಭಾರವಿದೆ, ಎರಡೂ ಕಡೆ ಒಂದೇ ಋತುವಿನ ಮೇಲೆ ನಿಂತ ಬದುಕಿದೆ. ಈ ಹೋಲಿಕೆಯನ್ನು ಎಳೆದು ಹರಿಯಬಾರದು. ಆಲ್ಪ್ಸ್ ಊರಿನ ಏತವು ಬಿಡುವಿನ ಆಟಕ್ಕಾಗಿ. ಜತ್ತದ ಏತವು ಕುಡಿಯುವ ನೀರಿಗಾಗಿ, ಜೋಳ-ದಾಳಿಂಬೆಗಾಗಿ. ಹಿಮವಿಲ್ಲದ ಊರಿನವನು ಬೇರೆ ಉದ್ಯೋಗವನ್ನು ಹುಡುಕಲು ಅವನ ಶ್ರೀಮಂತ ದೇಶವು ನೆರವಾಗಬಲ್ಲದು. ಮಳೆಯಿಲ್ಲದ ಊರಿನವನು ಕುಡುಗೋಲು ಹಿಡಿದು ಕಬ್ಬಿನ ನಾಡಿಗೆ ಹೋಗಬೇಕಾಗುತ್ತದೆ. ಆದರೂ ಹೋಲಿಕೆಯಿಂದ ಒಂದು ಸಂಗತಿ ತಿಳಿಯುತ್ತದೆ. ಯಂತ್ರವು ಇರುವುದನ್ನು ಮೇಲೆತ್ತಬಲ್ಲದು, ದೂರಕ್ಕೆ ಸಾಗಿಸಬಲ್ಲದು, ಇಲ್ಲದ್ದನ್ನು ಹುಟ್ಟಿಸಲಾರದು. ಹಿಮವಿಲ್ಲದ ವರ್ಷ ಬೆಟ್ಟದ ರೋಪ್‌ವೇ ಬರಿದೇ ತೂಗಾಡುತ್ತದೆ. ನದಿಯಲ್ಲಿ ನೀರಿಲ್ಲದ ವರ್ಷ ಪಂಪೂ ಬರಿದೇ ಕೂಡುತ್ತದೆ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಇದರಲ್ಲಿ ಭಾಷೆಯ ಕೆಲಸವೂ ಇದೆ. ದೂರದ ವಿಷಯವನ್ನು ಕನ್ನಡದಲ್ಲಿ ಬರೆಯುವಾಗ ಒಂದೋ ಇಂಗ್ಲಿಷ್ ಪದಗಳನ್ನು ಹಾಗೆಯೇ ಇಳಿಸುವುದು, ಇಲ್ಲವೆ ಯಾರೂ ಆಡದ ಸಂಸ್ಕೃತ ಸಮಾಸಗಳನ್ನು ಕಟ್ಟುವುದು ರೂಢಿಯಾಗಿದೆ. ಗೊಂಡೊಲಾ, ರೋಪ್‌ವೇಗಳಂಥ ವಸ್ತುವಾಚಕಗಳು ಹಾಗೆಯೇ ಬರಲಿ. ಅವಕ್ಕೆ ಅನುವಾದ ಬೇಕಿಲ್ಲ. ಆ ವಸ್ತುಗಳ ನಡೆಯನ್ನು, ಅವುಗಳ ಸುತ್ತಲಿನ ಜನರ ಪಾಡನ್ನು ಹೇಳಲು ಏತ, ರಾಟೆ, ಕುಂಟೆ, ಹಗೇವು, ಜಾತ್ರೆ, ಬರ ಎಂಬ ಮಾತುಗಳು ಸಾಲುತ್ತವೆ. ಅವು ಈ ನೆಲದ ದುಡಿಮೆಯಿಂದ ಹುಟ್ಟಿದವು. ದುಡಿಮೆ ಎಲ್ಲಿದೆಯೋ ಅಲ್ಲಿ ಅವು ಸಲ್ಲುತ್ತವೆ. ಡಫಳಾಪುರದ ಹೊಲಗಳಲ್ಲಿ ಆಡುವ ಕನ್ನಡದಿಂದ ಝರ್ಮಾಟ್, ಶಾಮೊನಿಗಳ ಚಳಿಗಾಲವನ್ನು ವಿವರಿಸಬಹುದು. ಊರಿನ ಹಿರಿಯರ ಬಾಯಲ್ಲಿ ಈ ಬಗೆಯ ಇನ್ನೆಷ್ಟು ಮಾತುಗಳು ಉಳಿದಿವೆ ಎಂಬುದನ್ನು ವಿದ್ಯಾರ್ಥಿಗಳು ಕೇಳಿ ಬರೆದಿಡುವುದು ಒಳ್ಳೆಯ ಅಭ್ಯಾಸವಾದೀತು. ಪಂಪು ಬಂದ ಮೇಲೆ ಏತವನ್ನು ಕಂಡವರು ಕಡಿಮೆಯಾಗುತ್ತಿದ್ದಾರೆ. ಆದರೆ ಏತ ನೀರಾವರಿಯ ಹೆಸರಿನಲ್ಲಿ ಆ ಪದವು ಇನ್ನೂ ದುಡಿಯುತ್ತಿದೆ.